ಹಾಡಿದಾಕೆಯ ಹಿಂದೆ ಬ್ಯಾಂಡು

– ಮಾಮ, ಇದನ್ನ ಕಿವಿಗಿಟ್ಕೊಂಡು ಕೇಳಿ. ಮುಗಿಯೋ ತನಕ ಮಾತಾಡಬೇಡಿ.

– ಬ್ಯಾಂಡೇ ಐತಲ್ಲವ್ವ ಇದು. ಕ್ಲಾರ್ನೆಟ್ಟಿನವರೇ ಬಾಳ ಮಂದಿ ಅದಾರ. ಉಸಿರು ಚಲೋ ಐತಿ, ಶ್ರುತಿ ಅಂತೂ ಕೂದಲೆಳಿಯಷ್ಟೂ ಅಲುಗಿಲ್ಲ. ಆದ್ರ ತಾಳ ಎಲ್ಲಿ ಹೋತು? ಯಾರೂ ಎಣಿಸಾಕತ್ತಿಲ್ಲೇನು?

– ಎಣಿಸ್ತಾರೆ. ಒಂದು ಸಲ ನಾಲ್ಕು, ಮುಂದಿನ ಸಲ ಐದು. ಹಾಗೇ ಬರೆದಿದ್ದಾನೆ. ಪರ್ಸಿ ಗ್ರೇಂಜರ್ ಅಂತ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹುಟ್ಟಿದವನು. 1937ರಲ್ಲಿ ‘ಲಿಂಕನ್‌ಶೈರ್ ಪೋಸಿ’ ಅಂತ ಆರು ಭಾಗದ ಕೃತಿ ಮಾಡಿದ, ಅದೂ ಬ್ಯಾಂಡಿಗೆ ಅಂತಲೇ. ಆರೂ ಇಂಗ್ಲೆಂಡಿನ ಲಿಂಕನ್‌ಶೈರ್ ಸೀಮೆಯ ಹಳ್ಳಿ ಹಾಡು. ನೀವು ಕೇಳಿದ್ದು ಮೂರನೆಯದು, ಜಮೀನ್ದಾರನ ಕಾಡಿಗೆ ಕದ್ದು ಬೇಟೆಗೆ ಹೋದವರ ಹಾಡು. 1851ರಲ್ಲಿ ರಫರ್ಡ್ ಪಾರ್ಕ್ ಅನ್ನೋ ಕಡೆ ಕಾವಲುಗಾರರಿಗೂ ಬೇಟೆಯವರಿಗೂ ನಿಜವಾಗಿ ಹೊಡೆದಾಟ ಆಗಿತ್ತು.

– ಹೊಸಪ್ಯಾಟಿ ರೋಡಿನಾಗ ನಾನು ಹಿಂಗ ಊದಿದ್ದರ ಮದುಮಗ ಕುಂತ ಕುದುರಿ ಮುಗ್ಗರಿಸಿ ಬೀಳತಿತ್ತು.

– ಅಮೆರಿಕದಲ್ಲೂ ಹಾಗೇ ಆಯ್ತು. ಮೊದಲ ಸಲ ನುಡಿಸಿದ್ದು ಮಿಲ್ವಾಕಿ ಊರಿನ ಬ್ಯಾಂಡು. ಅದರಲ್ಲಿ ಬಿಯರ್ ಕಾರ್ಖಾನೆಗಳ ಕೆಲಸಗಾರರ ಬ್ಯಾಂಡಿನಿಂದ ಬಂದೋರೂ ಇದ್ದರು. ಆರರಲ್ಲಿ ಮೂರೇ ಭಾಗ ನುಡಿಸೋಕಾಯ್ತು.

– ಬಿಯರಿನವರಾ! ಹಂಗಾದ್ರ ನಮ್ಮ ಬ್ಯಾಂಡಿನವರಿಗೂ ಅವರಿಗೂ ಬೀಗತನ ಐತಿ ಬಿಡು. ಅದಿರಲಿ, ಸೀದಾ ಇರೋ ಹಾಡಿನ ಕಾಲು ಮುರದು ಆತ ಯಾಕ ಕುಂಟಿಸಬೇಕಾಗಿತ್ತು? ಅದನ್ನ ಹೇಳು.

– ಹಾಡು ಸೀದಾ ಇರಲೇ ಇಲ್ಲ ಮಾಮ. ಅಲ್ಲೇ ಇರೋದು ವಿಷಯ. ಆಗಿನ ಕಾಲಕ್ಕೆ ಇಂಗ್ಲೆಂಡಿನಲ್ಲಿ ಹಳ್ಳಿ ಹಾಡು ಕೂಡಿಸೋರು ಬಹಳ ಜನ ಇದ್ದರು. ಸೈಕಲ್ ಮೇಲೆ ಹೋಗೋದು, ಮುದುಕ ಹಾಡಿದ್ದನ್ನ ಕೇಳ್ತಾ ಪೆನ್ಸಿಲಿನಲ್ಲಿ ಸ್ವರ ಬರೆಯೋದು. ಮುದುಕ ಎಲ್ಲಾದರೂ ಒಂದು ಮಾತ್ರೆ ಎಳೆದರೆ, ವಯಸ್ಸಾಗಿದೆ ಪಾಪ, ತಪ್ಪಿತು ಅಂತ ಇವರೇ ತಿದ್ದಿಬಿಡೋರು. ಗ್ರೇಂಜರ್ 1906ರಲ್ಲಿ ಮೇಣದ ಉರುಳೆಯ ಫೋನೋಗ್ರಾಫ್ ತಗೊಂಡು ಬ್ರಿಗ್ ಅನ್ನೋ ಊರಿನ ಸುತ್ತ ತಿರುಗಿದ. ಜೋಸೆಫ್ ಟೇಲರ್ ಅಂತ ಎಪ್ಪತ್ತು ದಾಟಿದ ಹಾಡುಗಾರನ ದನಿ ಹಿಡಿದ. ಮನೆಗೆ ಬಂದು ಅದೇ ಉರುಳೆಯನ್ನ ಮತ್ತೆ ಮತ್ತೆ ತಿರುಗಿಸಿ ಕೇಳಿದಾಗ ಗೊತ್ತಾಯ್ತು: ಮುದುಕ ತಪ್ಪಿಲ್ಲ. ಎಳೆಯೋ ಜಾಗದಲ್ಲಿ ಬೇಕಂತಲೇ ಎಳೀತಾನೆ, ಪ್ರತಿ ಪದ್ಯಕ್ಕೂ ಕಥೆಗೆ ತಕ್ಕ ಹಾಗೆ ಬದಲಾಯಿಸ್ತಾನೆ.

– ಅದಕ್ಕ ಮಷೀನು ಬೇಕಾತೇನು ಅವಗ? ನಮ್ಮವ್ವನ ಮುಂದ ಕುಂತಿದ್ದರ ಒಂದು ಶೇರು ಜ್ವಾಳ ಬೀಸೋದರಾಗ ತಿಳೀತಿತ್ತು.

– ಅಜ್ಜಿ ಹಾಡಿದ್ದು ಕಂಪ್ಲಿ ಅಡುಗೆಮನೆಯಲ್ಲೇ ಹೋಯ್ತಲ್ಲ ಮಾಮ. ಟೇಲರನ ದನಿ ಇವತ್ತಿಗೂ ಇದೆ. 1908ರಲ್ಲಿ ಗ್ರಾಮಫೋನ್ ಕಂಪನಿಯೇ ಆತನನ್ನ ಲಂಡನ್ನಿಗೆ ಕರೆಸಿ ತಟ್ಟೆ ಮಾಡಿಸಿತು.

– ಹೂಂ. ಅದು ಖರೇ.

– ಗ್ರೇಂಜರ್ ಆಮೇಲೆ ಮೂವತ್ತು ವರ್ಷ ಬಿಟ್ಟು ಆ ಹಾಡುಗಳನ್ನ ಬ್ಯಾಂಡಿಗೆ ತಂದಾಗ, ಬರೀ ಧಾಟಿ ತರಲಿಲ್ಲ. ಒಂದೊಂದು ಭಾಗವೂ ಹಾಡಿದವನ ಚಿತ್ರ ಅಂದ. ಸೊಕ್ಕಿನಿಂದ ಹಾಡಿದವನಿಗೆ ಸೊಕ್ಕಿನ ಕಹಳೆ, ಮೆಲ್ಲಗೆ ಹಾಡಿದ ಹೆಂಗಸಿಗೆ ಹಗುರಾದ ಕ್ಲಾರಿನೆಟ್. ಐದನೇ ಭಾಗದಲ್ಲಂತೂ ಕೆಲವು ಕಡೆ ತಾಳದ ಗೆರೆಯನ್ನೇ ಕಿತ್ತುಹಾಕಿದ್ದಾನೆ. ಮುಂದೆ ನಿಂತವನು ಕೈ ಬೀಸಿದ ಹಾಗೆ ಒಂದೊಂದು ಸ್ವರ. ಕೃತಿಯನ್ನ ಅರ್ಪಿಸಿದ್ದೂ ತನಗೆ ಹಾಡಿಕೊಟ್ಟ ಆ ಹಳ್ಳಿಯವರಿಗೇ.

– ಅಷ್ಟು ಮಂದಿ ಒಬ್ಬ ಮುದುಕನ ಉಸಿರಿನ ಹಿಂದ ನಡೀಬೇಕು ಅನ್ನು. ಬಾಳ ತ್ರಾಸದ ಕೆಲಸ ನೋಡು. ನಾನು ಹದಿನೆಂಟು ಆಳಿನ ಮದುವಿ ಬ್ಯಾಂಡ್ ಸೆಟ್ಟು ಆಳಿದವ. ಬ್ಯಾಂಡು ಅಂದ್ರ ಏನು? ಹಿಂದಿನ ಸಾಲಿನ ದೊಡ್ಡ ಡ್ರಮ್ಮಿನವ ಮುಂದಿನ ಸಾಲಿನ ಕ್ಲಾರ್ನೆಟ್ಟಿನ ಮಾರಿ ನೋಡಂಗಿಲ್ಲ. ಬೆನ್ನು ಕಾಣತೈತಿ ಅಷ್ಟ. ಅವಗ ಎಡಗಾಲು ಬಲಗಾಲೇ ದೇವರು. ಕಾಲು ತಪ್ಪಿತೋ, ಮ್ಯಾಳ ಹಾಳಾತು.

– ಅದಕ್ಕೇ ಇಂಗ್ಲೆಂಡಿನ ಸಂಗೀತಗಾರ ವಾನ್ ವಿಲಿಯಮ್ಸ್ ಬೇರೆ ದಾರಿ ಹಿಡಿದ. ಆತನೂ ಹಾಡು ಕೂಡಿಸಿದವನೇ, ಎಂಟುನೂರಕ್ಕೂ ಮಿಕ್ಕಿ. 1923ರಲ್ಲಿ ‘ಇಂಗ್ಲಿಷ್ ಫೋಕ್ ಸಾಂಗ್ ಸ್ವೀಟ್’ ಅಂತ ಮಿಲಿಟರಿ ಬ್ಯಾಂಡಿಗೆ ಬರೆದ. ಮೂರು ಭಾಗ, ಆ ಕಡೆ ಈ ಕಡೆ ಎರಡು ಮಾರ್ಚು, ನಡುವೆ ಒಂದು ನಿಧಾನದ್ದು. ನೆಲ್ಲರ್ ಹಾಲ್ ಅನ್ನೋ ಸೈನಿಕ ಸಂಗೀತ ಶಾಲೆಯಲ್ಲಿ ಮೊದಲು ನುಡಿಸಿದ್ದು. ಹೊಲದ ಹಾಡನ್ನ ತೊಳೆದು, ಇಸ್ತ್ರಿ ಮಾಡಿ, ಬೂಟು ಹಾಕಿಸಿ ನಿಲ್ಲಿಸಿದ ಹಾಗಿದೆ. ಚೆನ್ನಾಗೇ ಇದೆ, ಇಲ್ಲ ಅನ್ನಲ್ಲ. ಆದರೆ ಕೇಳಿದರೆ ಹಾಡಿದವರು ಯಾರು ಅಂತ ಗೊತ್ತಾಗಲ್ಲ.

– ಹಾಕು, ನೋಡಾಣು... ಆಹಾ! ಇದು ಬ್ಯಾಂಡು ನೋಡವ್ವ. ಕಾಲು ತಾನ ಎದ್ದವು. ನೀನು ಯಾಕ ಇದನ್ನ ಕಡಿಮಿ ಮಾಡಿ ಮಾತಾಡ್ತಿ? ನಡ್ಯಾಕ ಅಂತ ಮಾಡಿದ್ದರಾಗ ನಡಿಗಿ ಇರಬೇಕು. ನಿಮ್ಮ ಗ್ರೇಂಜರನದು ಕುಂತು ಕೇಳೋರಿಗೆ. ಕುರ್ಚಿ, ಸ್ಟ್ಯಾಂಡು, ಹಾಳಿ, ಲೈಟು ಎಲ್ಲಾ ಇದ್ದವರಿಗೆ. ಬೀದ್ಯಾಗ ಹೋಗಾಂಗ ಹಾಳಿ ಎಲ್ಲಿ ಇಟ್ಕೊತಿ?

– ನಾನು ಕಡಿಮೆ ಮಾಡ್ತಿಲ್ಲ...

– ಮಾಡಾಕತ್ತಿದ್ದಿ. ಶಾಲಿ ಬ್ಯಾಂಡು ಕಲಿಸೋರಿಗೆ ಬೀದಿ ಬ್ಯಾಂಡಿನ ಕಷ್ಟ ತಿಳ್ಯಂಗಿಲ್ಲ. ಇರಲಿ, ಮುಂದ ಹೇಳು.

– ಇವರಿಬ್ಬರಿಗೂ ಮೊದಲು, 1911ರಲ್ಲೇ ಗುಸ್ತಾವ್ ಹೋಲ್ಸ್ಟ್ ಬರೆದಿದ್ದ, ಬ್ಯಾಂಡಿಗೆ ಎರಡನೇ ಸ್ವೀಟು. ಟ್ರೊಂಬೋನ್ ಊದಿ ಹೊಟ್ಟೆ ಹೊರೆದವನು. ನಿಮಗೆ ಇಷ್ಟ ಆಗೋ ಮನುಷ್ಯ. ಲಂಡನ್ನಿನಲ್ಲಿ ಸಂಸ್ಕೃತ ಕಲಿತು ಋಗ್ವೇದದ ಸೂಕ್ತಗಳನ್ನ ತಾನೇ ಇಂಗ್ಲಿಷಿಗೆ ಮಾಡಿಕೊಂಡು ರಾಗ ಹಾಕಿದ. ಮಹಾಭಾರತದ ಸಾವಿತ್ರಿ ಕಥೆಗೆ ಒಂದು ಪುಟ್ಟ ಸಂಗೀತ ನಾಟಕ ಮಾಡಿದ. ಈ ಎರಡನೇ ಸ್ವೀಟಿನಲ್ಲಿ ಕಮ್ಮಾರನ ಹಾಡು ಒಂದಿದೆ. ಅದರಲ್ಲಿ ನಿಜವಾದ ಅಡಿಗಲ್ಲು ಇಟ್ಟು ಸುತ್ತಿಗೆಯಲ್ಲಿ ಹೊಡೀಬೇಕು.

– ಅಡಿಗಲ್ಲಾ? ಬ್ಯಾಂಡಿನಾಗ?

– ಬರೆದೇ ಇದೆ, ಯಾವ ಮಾತ್ರೆಗೆ ಹೊಡೀಬೇಕು ಅಂತ.

– ಸಂಡೂರಿಗೆ ಹೋಗು ಹಂಗಾದ್ರ. ಮಣ್ಣೆಲ್ಲ ಕಬ್ಬಿಣ. ಗಣಿ ಲಾರಿ ಬರೋಕ್ಕಿಂತ ಎಷ್ಟೋ ಮೊದಲಿಂದ ಅಲ್ಲಿ ಅದಿರು ಕರಗಸ್ತಿದ್ದರು ಅಂತಾರ. ಆ ಕುಲುಮಿ ಹಾಡು ಯಾರೂ ಬರಕೊಂಡಿಲ್ಲ, ಬರೀ ಲಾರಿ ಲೆಕ್ಕ ಬರಕೊಂಡರು. ಒಂದು ಮಾತು ಕೇಳ್ತೀನಿ. ಇಷ್ಟೆಲ್ಲಾ ಹೇಳಿದಿ, ಇಂಗ್ಲೆಂಡಿನ ಆ ಹಾಡು ನಮ್ಮ ಕಡಿಗೆ ಮೊದಲ ಬಂದು ಹೋಗ್ಯಾವ ಅನ್ನೋದು ಗೊತ್ತೈತೇನು?

– ನೊಟ್ಟುಸ್ವರ ತಾನೇ?

– ಓ, ಗೊತ್ತೈತಿ. ನಮ್ಮ ಗುರುಗಳು ಕ್ಲಾರ್ನೆಟ್ಟು ಹಿಡಿಸಿದ ಮ್ಯಾಲೆ ಸರಳೆ ಜಂಟಿ ಮುಗಿಸಿ ಸೀದಾ ‘ನೋಟು’ ಕಲಿಸಿದರು. ‘ವಂದೇ ಮೀನಾಕ್ಷಿ’. ಶಂಕರಾಭರಣ, ಗಮಕ ಇಲ್ಲ, ಸ್ವರಕ್ಕೊಂದು ಬೆರಳು. ಹುಡುಗರ ಕೈಗೆ ಅಂತಲೇ ಮಾಡಿಟ್ಟಂಗ ಐತಿ. ಮುತ್ತುಸ್ವಾಮಿ ದೀಕ್ಷಿತರು ಬಿಳೇರ ಬ್ಯಾಂಡು ಕೇಳಿ ಮಾಡಿದ್ದು ಅಂತ ಅವರೇ ಹೇಳಿದ್ದರು. ಮದ್ರಾಸಿನ ಕೋಟ್ಯಾಗ.

– ಹೌದು. ದೀಕ್ಷಿತರು ಚಿಕ್ಕವಯಸ್ಸಿನಲ್ಲಿ ಮದ್ರಾಸಿನ ಹತ್ತಿರ ಮಣಲಿಯಲ್ಲಿದ್ದರು. ಸೇಂಟ್ ಜಾರ್ಜ್ ಕೋಟೆಯ ಬ್ಯಾಂಡು ಕೇಳಿ ಆ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕಟ್ಟಿದರು. ಹತ್ತಿರ ಹತ್ತಿರ ನಲವತ್ತು ಸಿಕ್ಕಿವೆ. ‘ವಂದೇ ಮೀನಾಕ್ಷಿ’ಯ ಧಾಟಿ ಐರ್ಲೆಂಡಿನದು. ಕುಡಿದು ಕುಣಿದು ಮಜಾ ಮಾಡೋ ಪುಂಡ ಹುಡುಗರ ಹಾಡು.

– ಪುಂಡರ ಹಾಡೇನು! ನಾನು ಅದನ್ನ ಎಷ್ಟು ಗುಡ್ಯಾಗ ಊದೀನಿ, ಮಂಗಳಾರತಿ ಹೊತ್ತಿನಾಗ.

– ಅಮ್ಮನವರು ಒಪ್ಪಿಕೊಂಡಿದ್ದಾರೆ ಬಿಡಿ. ನನಗೆ ಸೋಜಿಗ ಅನಿಸೋದು ಬೇರೆ. ಅಲ್ಲಿ ಗ್ರೇಂಜರ್ ಹಳ್ಳಿ ಹಾಡನ್ನ ಬ್ಯಾಂಡಿಗೆ ತರೋಕೆ ನೂರು ವರ್ಷಕ್ಕೂ ಮೊದಲು, ಇಲ್ಲಿ ಒಬ್ಬ ದೊಡ್ಡ ವಾಗ್ಗೇಯಕಾರ ಬ್ಯಾಂಡಿನೊಳಗಿಂದ ಆ ಹಾಡನ್ನ ಹೊರಗೆ ತೆಗೆದು ಬಾಯಿಗೆ ಕೊಟ್ಟ. ಗಮಕ ಸೇರಿಸಲಿಲ್ಲ ನೋಡಿ. ದೀಕ್ಷಿತರಿಗೆ ಗಮಕ ಗೊತ್ತಿರಲಿಲ್ಲವೇ? ಬಂದ ಹಾಡನ್ನ ಅದರ ನಡಿಗೆಯಲ್ಲೇ ಬಿಟ್ಟರು.

– ಅದು ಮರ್ಯಾದಿ.

– ನಮ್ಮ ಕಡೆಗೂ ಬ್ಯಾಂಡು ಬಂದದ್ದು ಬಿಳಿಯರಿಂದಲೇ. ಬಳ್ಳಾರಿ ಸೀಮೆ 1800ರಲ್ಲಿ ನಿಜಾಮನ ಕೈಯಿಂದ ಈಸ್ಟ್ ಇಂಡಿಯಾ ಕಂಪನಿಗೆ ಹೋಯ್ತಲ್ಲ, ಆಮೇಲೆ ಬಳ್ಳಾರಿಯಲ್ಲಿ ದಂಡು ಬಂದು ಕೂತಿತು. ದಂಡು ಅಂದರೆ ಬ್ಯಾಂಡೂ ಬಂತು. ನಿಮ್ಮ ಮದುವೆ ಸೆಟ್ಟಿನ ಕೆಂಪು ಕೋಟು, ಹೆಗಲಿನ ಜರಿ ಗೊಂಡೆ, ಅದೆಲ್ಲ ಬೇರೆ ಎಲ್ಲಿಂದ ಬಂತು ಅಂತೀರಿ?

– ಕೋಟು ಅವರದು, ಬೆವರು ನಮ್ಮದು. ಮೇ ತಿಂಗಳಾಗ ಹೊಸಪ್ಯಾಟಿ ಬಿಸಲಾಗ ಆ ಕೋಟು ಹಾಕ್ಕೊಂಡು ನೋಡಬೇಕು ನೀನು. ಮೈಸೂರಾಗ ಮಾತ್ರ ಅದು ಬೇರೆ ಥರ ಬೆಳೀತು. ಅರಮನಿಯವರು ಎರಡು ಬ್ಯಾಂಡು ಸಾಕಿದ್ದರು, ಇಂಗ್ಲಿಷ್ ಬ್ಯಾಂಡು ಒಂದು, ಕರ್ನಾಟಕ ಬ್ಯಾಂಡು ಒಂದು. ಎರಡೂ ಈಗ ಪೊಲೀಸರ ಕೈಯಾಗ ಅದಾವ. ದಸರಾದಾಗ ಅರಮನಿ ಮುಂದ ಎಲ್ಲಾ ಕೂಡಿ ಬಾರಸ್ತಾರ. ಅದೇ ವಾದ್ಯ, ಅದೇ ಹಿತ್ತಾಳಿ, ಅದರಾಗ ಕೀರ್ತನಿ. ಕದ್ರಿ ಗೋಪಾಲನಾಥರು ಹುಡುಗ ಇದ್ದಾಗ ಅಲ್ಲೇ ಸ್ಯಾಕ್ಸೊಫೋನು ಕೇಳಿ ಮರುಳಾದದ್ದು. ನಾಗಸ್ವರದ ಮನಿತನದವರು. ಆ ಕೀಲಿ ವಾದ್ಯದಾಗ ಗಮಕ ಎಬ್ಬಸಾಕ ಎಷ್ಟು ವರ್ಷ ತಿಣುಕ್ಯಾಡಿದರು!

– ಆದರೆ ಅಲ್ಲೂ ಹಳ್ಳಿ ಪದ ಬ್ಯಾಂಡಿಗೆ ಬರಲಿಲ್ಲ, ಬಂದದ್ದು ಕೀರ್ತನೆ. ಮದುವೆ ಸೆಟ್ಟಿಗೆ ಬಂದದ್ದು ಸಿನಿಮಾ ಹಾಡು.

– ಮಂದಿ ಕೇಳಿದ್ದು ಕೊಟ್ವಿ. ಸೋಬಾನಿ ಪದ ಊದು ಅಂತ ಯಾರು ರೊಕ್ಕ ಕೊಡ್ತಾರ? ಈಗ ಅದೂ ಇಲ್ಲ, ಡಿಜೆ ಬಂದು ಎದಿ ಅದರಸ್ತೈತಿ. ನಿನ್ನ ಮನಸಿನಾಗ ಏನೈತಿ ಅದನ್ನ ಸೀದಾ ಹೇಳಿಬಿಡು. ಆಗಿಂದ ಸುತ್ತು ಹೊಡ್ಯಾಕತ್ತಿದ್ದಿ.

– ಕಂಪ್ಲಿ ಸೀಮೆ ಹಾಡು ತಗೊಂಡು ಬ್ಯಾಂಡಿಗೆ ಬರೀಬೇಕು. ಅಜ್ಜಿ ಹಾಡ್ತಿದ್ದ ಬೀಸುವ ಪದ, ಸಂಡೂರು ತಾಂಡಾದ ಲಂಬಾಣಿ ಹೆಂಗಸರ ಕುಣಿತದ ಹಾಡು ಒಂದು, ಕೊನೆಗೆ ಕುಮಾರರಾಮನ ಕಥೆಯದ್ದೊಂದು. ಕುಮಾರರಾಮ ಕಂಪ್ಲಿಯವನೇ, ಕಂಪಿಲರಾಯನ ಮಗ. ಏಳುನೂರು ವರ್ಷದ ಹಿಂದೆ ದಿಲ್ಲಿ ಸೈನ್ಯಕ್ಕೆ ಎದುರು ನಿಂತು ಸತ್ತ. ಇವತ್ತಿಗೂ ಹಾಡ್ತಾರೆ. ರಫರ್ಡ್ ಪಾರ್ಕಿನ ಕಳ್ಳಬೇಟೆಗಾರರನ್ನ ಜಗತ್ತಿನ ಶಾಲೆ ಹುಡುಗರೆಲ್ಲ ಊದ್ತಾರೆ. ಕುಮಾರರಾಮನಿಗೆ ಏನು ಕಡಿಮೆ?

– ಅವಗ ಏನೂ ಕಡಿಮಿ ಇಲ್ಲ. ಕಡಿಮಿ ಆಗೋದು ಹಾಡಿಗೆ. ದರೋಜಿ ಈರಮ್ಮ ಬುರ್ರಕಥಿ ಹೇಳೋದನ್ನ ನಾನು ಕೇಳೀನಿ. ಎದಿಗೆ ತಂಬೂರಿ ಒತ್ತಿ ಹಿಡಕೊಂಡು ನಿಲ್ಲತಿದ್ದಳು. ಆ ಕಡಿ ಈ ಕಡಿ ಇಬ್ಬರು ಹೆಣ್ಣುಮಕ್ಕಳು ಚರ್ಮವಾದ್ಯ ಹಿಡಕೊಂಡು. ಒಂದು ಸಾಲು ಹಾಡತಾಳ, ಅವರು ಹಿಡೀತಾರ, ಈಕಿ ಒಂದು ಹೆಜ್ಜಿ ಮುಂದ ಬಂದು ಮಾತಿಗೆ ಇಳೀತಾಳ, ಮಾತು ಹಂಗ ಏರಿ ಏರಿ ತಿರುಗಿ ಹಾಡಾಗತೈತಿ. ಎಲ್ಲಿ ಮಾತು ಮುಗೀತು, ಎಲ್ಲಿ ಹಾಡು ಸುರುವಾತು, ಹೇಳಾಕ ಬರಂಗಿಲ್ಲ. ಧಾಟಿ ಅಂದ್ರ ನಾಕು ಸ್ವರ ಇರತಾವು, ಬಾಳಂದ್ರ ಐದು. ಅದನ್ನ ತಗೊಂಡು ನೀನು ಟ್ರಂಪೆಟ್ಟಿಗೆ ಕೊಟ್ಟಿ ಅಂದ್ರ ಏನು ಉಳೀತು? ಆ ಐದು ಸ್ವರ ನಮ್ಮ ಕಾಯಿಪಲ್ಲೆ ಮಾರೋನೂ ಕೂಗತಾನ.

– ಬರೀ ಧಾಟಿ ತಗೊಂಡರೆ ಏನೂ ಉಳಿಯಲ್ಲ, ಒಪ್ಪಿದೆ. ನಾನು ಗ್ರೇಂಜರನ ಹೆಸರು ಹೇಳಿದ್ದೇ ಅದಕ್ಕೆ. ಟೇಲರನ ಧಾಟಿಯೂ ದೊಡ್ಡದೇನಲ್ಲ. ಆತ ಎಲ್ಲಿ ತಡೆದ, ಎಲ್ಲಿ ನುಗ್ಗಿದ, ಅದು ದೊಡ್ಡದು.

– ಈರಮ್ಮ ಓದು ಬರಹ ಕಲಿತಾಕಿ ಅಲ್ಲ. ಬುಡಗ ಜಂಗಮರ ಹೆಣ್ಣುಮಗಳು, ಊರೂರು ತಿರುಗಿ ಹಾಡಿ ಕಾಳು ಬೇಡಿ ಬದುಕಿದ ಮಂದಿ. ತಲಿಯಾಗ ಹನ್ನೆರಡು ಮಹಾಕಾವ್ಯ ಇಟ್ಕೊಂಡಿದ್ದಳು, ಕನ್ನಡ ತೆಲುಗು ಎರಡರಾಗೂ. ಹಂಪಿ ವಿಶ್ವವಿದ್ಯಾಲಯದವರು ನಾಡೋಜ ಅಂತ ಶಾಲು ಹೊದಿಸಿದರು. 2014ರಾಗ ಹೋದಳು. ಪುಸ್ತಕ ಆಗ್ಯಾವ, ಸಂತೋಷ. ಪುಸ್ತಕದಾಗ ಆಕಿ ಹೆಸರು ಐತಿ. ನಿನ್ನ ಬ್ಯಾಂಡಿನ ಹಾಳಿ ಮ್ಯಾಲೆ ಯಾರ ಹೆಸರು ಇರತೈತಿ?

– ಹಾಡಿದವರದು ಮೊದಲು, ನನ್ನದು ಕೆಳಗೆ.

– ಎಲ್ಲಾರೂ ಹಂಗ ಅಂತಾರ. ಕ್ಯಾಸೆಟ್ಟಿನ ಕಾಲದಾಗ ‘ಜಾನಪದ’ ಅಂತ ಬರದು ಎಷ್ಟು ಮಂದಿ ಮನಿ ಕಟ್ಟಿಸಿದರು! ಹಾಡಿಕೊಟ್ಟಾಕಿಗೆ ಒಂದು ಸೀರಿ.

– ಅದು ನಿಜ. ಅಲ್ಲೂ ಟೇಲರನಿಗೆ ಆಸ್ತಿ ಬರಲಿಲ್ಲ. ಆದರೆ ನೂರು ವರ್ಷ ಕಳೆದು ಬೆಂಗಳೂರಿನ ಒಂದು ಶಾಲೆಯ ಬ್ಯಾಂಡು ಮೇಷ್ಟ್ರಿಗೆ ಆ ಮುದುಕನ ಹೆಸರು ಗೊತ್ತಿದೆ. ನಮ್ಮಲ್ಲಿ 1931ರಲ್ಲಿ ಹಲಸಂಗಿ ಊರಿನ ಗೆಳೆಯರು ಹಳ್ಳಿ ಹೆಂಗಸರ ಪದ ಕೂಡಿಸಿ ‘ಗರತಿಯ ಹಾಡು’ ತಂದರು. ಎಂಥ ಪುಸ್ತಕ! ಆದರೆ ಅದರ ಹೆಸರಲ್ಲೇ ಇದೆ ನೋಡಿ, ಹಾಡಿದವಳು ‘ಗರತಿ’ ಅಷ್ಟೆ. ಧಾಟಿಯೂ ಅಚ್ಚಾಗಲಿಲ್ಲ, ಸಾಹಿತ್ಯ ಮಾತ್ರ ಉಳೀತು.

– ಸಾಹಿತ್ಯ ಉಳಿಸಿದ್ದೂ ದೊಡ್ಡದೇ ಬಿಡು. ಈಗ ಕೆಲಸದ ಮಾತಿಗೆ ಬಾ. ಅವ್ವನ ಪದ ಹೆಂಗ ಬರೀತಿ?

– ತ್ರಿಪದಿ. ಮೂರು ಸಾಲು, ಮೊದಲ ಎರಡಕ್ಕೆ ನಾಲ್ಕು ನಾಲ್ಕು ಗಣ, ಕೊನೆಯದಕ್ಕೆ ಮೂರೇ. ಹಾಡುವಾಗ ಎರಡನೇ ಸಾಲನ್ನ ಮತ್ತೆ ಎತ್ತಿಕೊಳ್ತಾರೆ. ಅದನ್ನ ಎಂಟೆಂಟು ಮಾತ್ರೆಯ ಚೌಕಟ್ಟಿಗೆ ತುರುಕಿದರೆ ಸಾಕು, ಮಾರ್ಚ್ ಆಗಿಬಿಡುತ್ತೆ.

– ತುರುಕಬ್ಯಾಡ. ಅವ್ವ ಎರಡನೇ ಸಲ ಆ ಸಾಲು ಎತ್ತುವಾಗ ಸೀದಾ ಎತ್ತತಿರಲಿಲ್ಲ. ಕಲ್ಲಿಗೆ ಕಾಳು ಹಾಕಬೇಕಲ್ಲ, ಬಲಗೈ ಗೂಟದ ಮ್ಯಾಲೆ ಇರತಿತ್ತು, ಎಡಗೈ ಮೊರದಾಗಿನ ಜ್ವಾಳಕ್ಕ ಹೋಗತಿತ್ತು. ಆ ಹೊತ್ತಿಗೆ ಕಲ್ಲು ಸ್ವಲ್ಪ ಸಾವಕಾಶ ಆಗತಿತ್ತು, ಹಾಡೂ ಆಗತಿತ್ತು. ಹಿಡಿ ಕಾಳು ಬಿದ್ದ ಮ್ಯಾಲೆ ಕಲ್ಲಿಗೆ ಭಾರ ಹತ್ತಿ, ದನಿ ಒಂದು ಎಳಿ ಮ್ಯಾಲೆ ಹೋಗತಿತ್ತು. ಪ್ರತಿ ಪದಕ್ಕೂ ಹಂಗ ಆಗತಿರಲಿಲ್ಲ ಮತ್ತ. ಕಾಳು ಹಾಕಿದ ಪದಕ್ಕಷ್ಟ.

– ಇದನ್ನ ನೀವು ಯಾವತ್ತೂ ಹೇಳಿರಲಿಲ್ಲ ಮಾಮ!

– ನೀನು ಕೇಳಿರಲಿಲ್ಲ. ಎಲ್ಲಾರೂ ಸಾಹಿತ್ಯ ಕೇಳತಾರ.

– ಹಾಗಾದರೆ ಆ ಜಾಗದಲ್ಲಿ ಒಂದೂವರೆ ಮಾತ್ರೆ ಜಾಸ್ತಿ ಬರೀತೀನಿ. ಎಲ್ಲ ಪದಕ್ಕಲ್ಲ, ಎರಡನೆಯದಕ್ಕೆ ಮತ್ತು ಐದನೆಯದಕ್ಕೆ. ಧಾಟಿಯನ್ನ ಯಾವುದಕ್ಕೆ ಕೊಡಲಿ?

– ಕ್ಲಾರ್ನೆಟ್ಟಿಗೆ. ಒಂದಕ್ಕ, ಗುಂಪಿಗಲ್ಲ. ಟ್ರಂಪೆಟ್ಟು ಬ್ಯಾಡ. ಅದರಾಗ ಮೂರು ಗುಂಡಿ ಒತ್ತೋದು, ಸ್ವರದಿಂದ ಸ್ವರಕ್ಕ ಮೆಟ್ಟಲು ಹತ್ತಿದಂಗ ಹೋಗತೈತಿ. ಕ್ಲಾರ್ನೆಟ್ಟಿನಾಗ ತೂತು ಐತಿ, ಬೆರಳು ಪೂರಾ ಎತ್ತದ ಹಂಗ ಸರಿಸಿದರ ನಡುವಿನ ದನಿ ಸಿಗತೈತಿ. ನಿನ್ನ ಶಾಲಿ ಹುಡುಗರಿಗೆ ಬೆರಳು ಟಪ್ ಅಂತ ಎತ್ತೋದು ಕಲಿಸಿರತೀರಿ. ಅದನ್ನ ಮರಸಬೇಕು ಮೊದಲ.

– ಕುಮಾರರಾಮನ ಕಥೆಗೆ ಟ್ರೊಂಬೋನ್ ಇಟ್ಕೊಂಡಿದ್ದೀನಿ. ಜಾರೋ ಕೊಳವೆ, ಎಲ್ಲಿ ಬೇಕಾದರೂ ನಿಲ್ಲುತ್ತೆ. ಮಾತು ಏರಿ ಹಾಡಾಗೋ ಆ ಜಾಗ ಇದೆಯಲ್ಲ, ಅದು ಟ್ರೊಂಬೋನಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಬರಲ್ಲ. ಉಳಿದವರು ಒಂದೇ ಸ್ವರ ಹಿಡಿದಿರಲಿ, ತಂಬೂರಿ ಥರ.

– ಹಿಡದಿರಲಿ. ಕೆಳಗ ಸ್ವರಜೋಡಣಿ ಗಿರಜೋಡಣಿ ಹಾಕಿ ಸಕ್ಕರಿ ಬೆರಸಬ್ಯಾಡ.

– ಗ್ರೇಂಜರ್ ಬೆರೆಸಿದ್ದಾನೆ, ಬೇಕಾದಷ್ಟು.

– ಅದು ಅವರ ಕಡಿ ಹಾಡು, ಅವರ ಸಕ್ಕರಿ. ಅವರ ಮಂದಿಗೆ ನಾಕು ದನಿ ಕೂಡಿಸಿ ಹಾಡೋದು ಗುಡ್ಯಾಗಿಂದ ರೂಢಿ ಐತಿ. ಇಲ್ಲಿ ಹಾಡೋರ ಹಿಂದ ಇರೋದು ಒಂದು ಶ್ರುತಿ, ಒಂದು ಚರ್ಮ. ಬೇಕಂದ್ರ ಇಬ್ಬರು ಮಂದಿ ಆಕಿ ಸಾಲನ್ನ ಹಿಂದಿಂದ ಹಿಡೀಲಿ, ಬುರ್ರಕಥಿಯಾಗ ಹಿಡಿಯಂಗಿಲ್ಲೇನು, ಹಂಗ.

– ಅದು ಚೆನ್ನಾಗಿದೆ. ಟ್ರೊಂಬೋನ್ ಒಂದು ಸಾಲು, ಹಿಂದೆ ಎರಡು ಯುಫೋನಿಯಂ. ಒಂದು ಅರ್ಧ ಮಾತ್ರೆ ತಡವಾಗಿ.

– ತಡ ಅಂತ ಬರೀಬ್ಯಾಡ. ‘ಟ್ರೊಂಬೋನಿನವನ ಉಸಿರು ನೋಡಿ ಹಿಡೀರಿ’ ಅಂತ ಬರಿ. ಕನ್ನಡದಾಗ ಬರಿ.

– ಬರೀತೀನಿ. ಇನ್ನು ಹೊಡೆಯೋ ವಾದ್ಯ. ಸೈಡ್ ಡ್ರಮ್ಮು ಬಿಟ್ಟುಬಿಡಲಾ?

– ಲಂಬಾಣಿ ಹಾಡಿಗೆ ಇರಲಿ, ಆ ಕುಣಿತಕ್ಕ ಕಾಲು ಐತಿ. ಕೈಯಾಗಿನ ಬಳಿ, ಲಂಗದ ಗೆಜ್ಜಿ ಸಪ್ಪಳಕ್ಕ ಏನಾರ ಮಾಡು. ಕುಮಾರರಾಮಗ ಮಾತ್ರ ಮಿಲಿಟರಿ ಡ್ರಮ್ಮು ತರಬ್ಯಾಡ. ಅವನು ಸತ್ತದ್ದು ದಂಡಿನ ಕೈಯಾಗ.

– ಹಾಗಾದರೆ ಬುರ್ರದ ಜೊತೆಗಾರರನ್ನೇ ಕರೆಸೋಣವೇ? ಹುಡುಗರ ನಡುವೆ ಕೂತು ಅವರೇ ಬಾರಿಸಲಿ.

– ಕರೆಸು. ಕುರ್ಚಿ ಹಾಕು, ಹೋಗಿ ಬರೋ ರೊಕ್ಕ, ಸಂಭಾವನಿ ಎಲ್ಲಾ ಮೊದಲ ಮಾತಾಡು. ಹಾಳಿ ಮ್ಯಾಲೆ ಹೆಸರು ಹಾಕು. ಮೊದಲ ಸಲ ಬೆಂಗಳೂರಾಗ ಬ್ಯಾಡ, ಕಂಪ್ಲ್ಯಾಗ ಬಾರಸು. ಕಥಿ ಗೊತ್ತಿದ್ದ ಮುದುಕರು ಇನ್ನೂ ಅದಾರ. ಎಲ್ಲಿ ತಪ್ಪಿತು ಅಂತ ಅವರು ಹೇಳತಾರ, ನಿನ್ನ ಮಾರಿ ಮ್ಯಾಲೇ ಹೇಳತಾರ.

– ನೀವು ಕ್ಲಾರಿನೆಟ್ ಹಿಡೀತೀರಾ ಅಜ್ಜಿ ಪದಕ್ಕೆ?

– ಹಲ್ಲು ಎರಡು ಹೋಗ್ಯಾವ, ರೀಡು ಹಿಡಿಯಂಗಿಲ್ಲ ತುಟಿ. ಹುಡುಗರಾಗ ಯಾವನು ನಿಧಾನಸ್ತ ಅದಾನ, ಅವನ್ನ ಸೂಟ್ಯಾಗ ಇಲ್ಲಿಗೆ ಕಳಸು. ಚಲೋ ಊದತಾನ ಅಂತ ಇರೋ ಹುಡುಗ ಬ್ಯಾಡ, ನಿಧಾನಸ್ತನೇ ಬೇಕು. ಹದಿನೈದು ದಿನ ನಾನು ಹಾಡತೀನಿ, ಅವ ಬರೀ ಕೇಳಲಿ. ಆಮ್ಯಾಲೆ ವಾದ್ಯ ಮುಟ್ಟಲಿ.

– ಹದಿನೈದು ದಿನಾನಾ? ಅವರಪ್ಪ ಅಮ್ಮ ಕ್ರಿಕೆಟ್ ಕ್ಯಾಂಪಿಗೂ ಅಷ್ಟು ದಿನ ಕಳಿಸಲ್ಲ ಮಾಮ.

– ಹತ್ತು ದಿನ. ಅದಕ್ಕಿಂತ ಕಡಿಮಿ ಆಗಂಗಿಲ್ಲ. ಊಟ ನಮ್ಮನ್ಯಾಗ, ಹಂಪಿ ತೋರಸ್ತೀನಿ ಅಂತ ಹೇಳು, ಕಳಸ್ತಾರ.